ಬಂದ ಬಾಗಿಲು

ಅಮ್ಮನನ್ನು ಒಂದು ದಿನವಾದರೂ ದೊರೆ ಬಂಗಲೆಯ ಮುಂದಿನ ಜಗಲಿಯಲ್ಲಿ ಕೂರಿಸಲೇಬೇಕು ಎಂದು ನಾನು ಹಟ ಹಿಡಿದಿದ್ದೆ. ಗಂಗೊಳ್ಳಿಯ ನಮ್ಮ ಅಂಗಳದಿಂದ ನೋಡಿದರೆ ಹೊಳೆಯ ಆಚೆ ದಡದಲ್ಲಿ ಕುಂದಾಪುರ, ಅದರ ಅಂಚಿಗೆ ಹೆಂಚಿನ ಮಾಡಿನ ಆ ಬಂಗಲೆ. ಬ್ರಿಟಿಷರ ಕಾಲದಲ್ಲಿ ಯಾವನೋ ದೊರೆ ಸಮುದ್ರದ ಗಾಳಿ ಕುಡಿಯಲು ಕಟ್ಟಿಸಿದ್ದಂತೆ. ಅಮ್ಮ ಮೀನಿನ ಬುಟ್ಟಿ ಹೊತ್ತು ಅಲ್ಲಿಗೆ ಹೋಗದ ವಾರವಿಲ್ಲ. ಹೋಗಿದ್ದೆಲ್ಲ ಹಿಂಬಾಗಿಲಿಗೆ. ಮುಂದಿನ ಜಗಲಿ ಹೇಗಿದೆ ಎಂದು ಕೇಳಿದರೆ, "ಯಾರಿಗ್ ಗೊತ್ತ್" ಎನ್ನುತ್ತಿದ್ದಳು. ಅದನ್ನು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಮೈ ಉರಿಯಲು ನನಗೆ ದೊಡ್ಡ ಕಾರಣವೇನೂ ಬೇಕಿಲ್ಲ. ಎಂಟನೇ ಕ್ಲಾಸಿನಲ್ಲಿ ಮಾಷ್ಟ್ರ ಜೊತೆ ಜಗಳವಾಡಿ, ಚೀಲ ಬಿಸಾಡಿ, ನೇರ ಬೋಟು ಹತ್ತಿದವನು ನಾನು.

ಈಗ ಆ ಬಂಗಲೆ ಪ್ರವಾಸಿಗರಿಗೆ ತೆರೆದಿದೆ. ಮುಂಬೈಯಲ್ಲಿ ಹೋಟೆಲು ನಡೆಸಿ ಬಂದ ಸುಧಾಕರ ಶೆಟ್ಟರು ಅದನ್ನು ಕೊಂಡು, ರಿಪೇರಿ ಮಾಡಿಸಿ, ಬಂದವರಿಗೆ ಊಟ, ಚಾ ಕೊಡುತ್ತಾರೆ. ನಮ್ಮ ಬೋಟಿನ ಎಂಜಿನ್ ರಿಪೇರಿಗೆ ಬಿಚ್ಚಿಟ್ಟು ನನಗೆ ರಜೆ ಸಿಕ್ಕಿದ ದಿನ ಅವರಿಗೆ ಫೋನ್ ಮಾಡಿದೆ. ಇಬ್ಬರಿಗೆ ಊಟ, ಮುಂದಿನ ಜಗಲಿಯಲ್ಲೇ ಆಗಬೇಕು ಎಂದೆ. ಆಯಿತು ಎಂದರು.

ಬಸ್ಸಿನಲ್ಲಿ ತಲ್ಲೂರಿನ ಮೇಲೆ ಸುತ್ತಿ ಹೋಗುವ ಬದಲು ಗಣಪನ ದೋಣಿಯಲ್ಲಿ ಹೊಳೆ ದಾಟಿದೆವು. ಅಮ್ಮ ಮದುವೆಗೆ ಹೊರಟವಳ ಹಾಗೆ ರೇಷ್ಮೆ ಸೀರೆ ಉಟ್ಟು ಅಬ್ಬಲಿಗೆ ಹೂ ಮುಡಿದಿದ್ದಳು.

"ಹ್ವಾಯ್ ರಾಜೀವಕ್ಕ, ಇವತ್ ಬುಟ್ಟಿ ಬದ್ಲ್ ಮಗನ್ನ್ ಹೊತ್ಕಂಡ್ ಹೊರ್ಟದ್ದಾ?" ಎಂದ ಗಣಪ.

"ಬುಟ್ಟಿ ಆರೆ ಬಾಯ್ ಮಾಡ್ತಿಲ್ಲೆ ಗಣಪ. ಇವ ಹಾಂಗಲ್ಲ." ಅಮ್ಮ ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು. "ಖಾಲಿ ಕೈ ಎಲ್ಲ್ ಇಡೂದ್ ಅಂದೇ ಗೊತ್ತಾತಿಲ್ಲೆ."

"ಮಡ್ಲಗ್ ಇಟ್ಕೊ," ಎಂದೆ ನಾನು.

ಗೇಟು ದಾಟಿ ನಾನು ಜಗಲಿ ಹತ್ತಿದೆ. ಉದ್ದ ಕೈಗಳ ಆರಾಮ ಕುರ್ಚಿಗಳು ಹೊಳೆಗೆ ಮುಖ ಮಾಡಿ ಕಾಯುತ್ತಿದ್ದವು. ಶೆಟ್ಟರು ಎದುರು ಬಂದು, "ಬನ್ನಿ ಬನ್ನಿ. ಅಮ್ಮ ಎಲ್ಲಿ?" ಎಂದರು. ತಿರುಗಿದರೆ ಅಮ್ಮ ಇಲ್ಲ. ಗೇಟಿನಲ್ಲೇ ಅವಳ ಕಾಲುಗಳು ತಮ್ಮಷ್ಟಕ್ಕೆ ತಿರುಗಿ, ಬಾವಿಕಟ್ಟೆ ಬಳಸಿ, ಹಿಂಬಾಗಿಲಿಗೆ ಹೋಗಿಬಿಟ್ಟಿದ್ದವು.

ನಾನು ಒಳಗಿನಿಂದಲೇ ಅಡುಗೆಮನೆಗೆ ಓಡಿದೆ. ಅಮ್ಮ ರೇಷ್ಮೆ ಸೀರೆ ಎತ್ತಿ ಕಟ್ಟಿ, ಬಂಗುಡೆ ಮೀನು ಹೆಚ್ಚುತ್ತ ಕೂತಿದ್ದಳು. ಪಕ್ಕದಲ್ಲಿ ಅಡುಗೆಯ ಅಪ್ಪಿ, ಅಮ್ಮನ ಹಳೇ ಗೆಳತಿ, ನಗುತ್ತ ಮಸಾಲೆ ರುಬ್ಬುತ್ತಿದ್ದಳು.

"ಎಂತ ಮಾಡ್ತಿದ್ದೆ ನೀನ್?"

"ಅಪ್ಪಿಗೆ ಕೈ ಬಿಡುವಿಲ್ಲೆ ಮಗ. ನಾಕ್ ಬಂಗ್ಡಿ ಅಲ್ದಾ."

"ನಿನ್ನ್ ಕೂರ್ಸುಕೆ ಕರ್ಕಂಡ್ ಬಂದದ್ ನಾನ್. ಏಳ್. ಮುಂದಿನ ಬಾಗ್ಲಂಗೆ ಹೊರಗ್ ಜಗ್ಲಿಗೆ ಬಾ."

"ಒಳಗ್ ಬಂದಾಯ್ತಲೆ. ಇನ್ನ್ ಬಂದ ಬಾಗ್ಲಂಗೇ ಹೋಯ್ಕ್. ಒಂದ್ ಬಾಗ್ಲಂಗೆ ಬಂದ್ ಇನ್ನೊಂದ್ರಂಗೆ ಹೋರೆ ಆ ಮನಿ ಭಾಗ್ಯ ನಮ್ ಬೆನ್ನಿಗೆ ಬತ್ತ್ ಅಂಬ್ರ್. ಶೆಟ್ರ್ ಈಗಷ್ಟೇ ಸುರು ಮಾಡಿದ್ರ್."

"ಬರ್ಲಿ ಬಿಡ್."

"ಅವ್ರ ಮನಿದ್ ನಮಗ್ ಎಂತಕೆ?"

ನನ್ನ ಸಿಟ್ಟು ನೆತ್ತಿಗೇರಿತು. ಶೆಟ್ಟರ ಭಾಗ್ಯ ಕಾಯಲು ಹೋಗಿ ಇವಳು ತನ್ನ ಕುರ್ಚಿ ಬಿಡುತ್ತಾಳಲ್ಲ. ಒಲೆ ಮೇಲಿನ ಪಾತ್ರೆ ಎತ್ತಿ ಒಗೆಯೋಣ ಅನ್ನಿಸಿತು. ಅದು ಬಿಸಿ ಇತ್ತು.

ಅಪ್ಪಿ ರುಬ್ಬುವುದು ನಿಲ್ಲಿಸಿದಳು. "ಎಂತಕೆ ಕುಣಿತೆ ಮಾಣಿ? ಜಗ್ಲಿ ಮಾಡಿನ ಅಡಿಗೇ ಇತ್ತಲ್ದಾ? ಮೆಟ್ಲ್ ಇಳ್ದ್ರೆ ಮಾತ್ರ ಹೊರಗ್ ಹೋದಾಂಗ್. ರಾಜೀವಕ್ಕ, ಒಳಗಿಂದ್ಲೇ ಹೋಯಿ ಕೂಕೊ. ಮನಿಗ್ ಹೋಪತಿಗೆ ಈ ಬಾಗ್ಲಿಗೇ ಬಾ."

ಅಮ್ಮ ಅದನ್ನು ಸ್ವಲ್ಪ ಹೊತ್ತು ಮನಸ್ಸಿನಲ್ಲೇ ತೂಗಿದಳು. ಆಮೇಲೆ ಕೈ ತೊಳೆದು, ಸೀರೆ ಇಳಿಸಿ, ಹೊರಟಳು. ಬಣ್ಣದ ಗಾಜಿನ ಬಾಗಿಲು, ಹಳೇ ಗಡಿಯಾರ ಎಲ್ಲವನ್ನೂ ಬೆರಳ ತುದಿಯಲ್ಲಿ ಮುಟ್ಟುತ್ತ ಮನೆಯ ಉದ್ದಕ್ಕೂ ನಡೆದು ಜಗಲಿಗೆ ಬಂದಳು. ಮೊದಲು ಕುರ್ಚಿಯ ಅಂಚಿಗೆ ಕೂತಳು. ನಿಧಾನವಾಗಿ ಹಿಂದೆ ಸರಿದಳು. ಕಾಲುಗಳು ನೆಲ ಬಿಟ್ಟು ಮೇಲೆದ್ದವು.

"ನಮ್ಮನಿ ಕಾಣತ್ತ್ ಮಾರಾಯ," ಎಂದಳು. "ನಾನ್ ಒಣ್ಗುಕೆ ಹಾಕಿದ ಸೀರೆ ಸೈತ. ಇಷ್ಟ್ ಸಲ ಹೊಳಿ ದಾಟಿಯೂ ತಿರ್ಗಿ ಕಂಡದ್ದೇ ಇಲ್ಲೆ ಕಾಣ್."

ಬಂಗುಡೆ ಫ್ರೈ ಬಂತು. ತಾನೇ ಹೆಚ್ಚಿದ್ದನ್ನು ಅಮ್ಮ ಬೇರೆಯವರ ಕೈಯಿಂದ ಬಡಿಸಿಕೊಂಡು ಉಂಡಳು. ಗಾಳಿಗೆ ಅಲ್ಲೇ ನಿದ್ದೆ ಹೋಗಿ, ಸಣ್ಣಗೆ ಗೊರಕೆ ಹೊಡೆದಳು. ಯಾರ ಮೇಲೆ ಸಿಟ್ಟು ಮಾಡುವುದೆಂದು ಹುಡುಕಿದೆ. ಯಾರೂ ಸಿಗಲಿಲ್ಲ. ನಾನೂ ಕಾಲು ಚಾಚಿದೆ.

ಬಿಸಿಲು ತಗ್ಗಿದ ಮೇಲೆ ಅಮ್ಮ ಎದ್ದು ಅಡುಗೆಮನೆ ಕಡೆ ಹೊರಟಳು. ನಾನೂ ಹಿಂದೆ ಹೋದೆ.

"ನೀ ಎಲ್ಲಿಗ್? ನೀ ಬಂದದ್ ಮುಂದಿನ ಬಾಗ್ಲಂಗೆ. ಅಲ್ಲೇ ಇಳಿ."

ಶೆಟ್ಟರು ಕೈ ಮುಗಿದು ಬೀಳ್ಕೊಟ್ಟರು. ದೊರೆಯ ಹಾಗೆ ನಾನೊಬ್ಬನೇ ಮುಂದಿನ ಮೆಟ್ಟಿಲಿಳಿದೆ. ಗೇಟಿನಲ್ಲಿ ಅಮ್ಮ ಆಗಲೇ ನಿಂತಿದ್ದಳು. ಅಪ್ಪಿ ಕೊಟ್ಟ ಬಸಳೆಯ ಕಟ್ಟು ಸೊಂಟದ ಮೇಲಿತ್ತು, ಕೈಗೆ ಜಾಗ ಸಿಕ್ಕಿತ್ತು.

ದೋಣಿಯಲ್ಲಿ ಅರ್ಧ ದಾರಿಯವರೆಗೆ ಅವಳು ಬಂಗಲೆಯನ್ನೇ ತಿರುಗಿ ನೋಡುತ್ತಿದ್ದಳು.

"ಮಗ," ಎಂದಳು, "ನಿಮ್ ಬೋಟಿನ ಎಂಜಿನ್ ಇನ್ನೊಂದ್ ಸಲ ಯಾವತ್ ಬಿಚ್ತ್ರ್?"