ನಿಶಾಳ ಧಾರೆ ಸೀರೆ

ಕುರ್ಚಿಯ ಮೇಲೆ ಮಡಿಸಿಟ್ಟ ಧಾರೆ ಸೀರೆಯ ಅಂಚು ಸರಿಪಡಿಸುವಾಗ ಪ್ರಫುಲ್ಲಾಳ ಹೊಟ್ಟೆ ಉರಿಯಿತು. ಅವಳ ಜೊತೆಯಲ್ಲೇ ಹುಟ್ಟಿ ಐದನೇ ತಿಂಗಳಿಗೆ ತೀರಿಹೋದ ಅವಳಿ ಅಕ್ಕ ನಿಶಾಳಿಗೆ ಇಂದು ಮದುವೆ. ಬದುಕಿರುವವರಿಗೆ ಮುಹೂರ್ತವಿಲ್ಲದ ಆಟಿ ತಿಂಗಳು ಸತ್ತವರಿಗೆ ಪ್ರಶಸ್ತವಂತೆ. ಪಕ್ಕದ ಕುರ್ಚಿಯಲ್ಲಿ ವರನ ಪಂಚೆ, ಶರ್ಟು. ಕಳವಾ ಸ್ಟೇಷನ್ ಕಡೆಯ ವಾರಿಜಾಳ ಮಗ ರಂಜನ್, ಎರಡು ವರ್ಷದವನಿದ್ದಾಗ ಹೋದವನು. ಸತ್ತ ಮಕ್ಕಳು ಆ ಕಡೆ ಬೆಳೆಯುತ್ತಾರೆ, ವಯಸ್ಸಿಗೆ ಬಂದ ಮೇಲೆ ಜೋಡಿ ಕೇಳುತ್ತಾರೆ ಎಂಬ ಊರಿನ ನಂಬಿಕೆ ಸಾನಪಾಡಾದ ಈ ಫ್ಲ್ಯಾಟಿಗೂ ಬಂದಿತ್ತು.

ಪ್ರಫುಲ್ಲಾಳಿಗೆ ಮೂವತ್ತಾರು. ಹನ್ನೊಂದು ಗಂಡುಗಳು ನೋಡಿಹೋಗಿದ್ದರು. ಅಕ್ಕನದು ಮುಗಿಯದೆ ಇವಳದು ಕೂಡಿಬರದು ಎಂದು ಜೋಯಿಸರು ಇಟ್ಟ ಪ್ರಶ್ನೆಯಲ್ಲಿ ಕಂಡಿತ್ತು. ಇವಳಿಗೆಂದು ತೆಗೆದಿಟ್ಟ ಸೀರೆ, ಕರಿಮಣಿ ಎರಡನ್ನೂ ಅಮ್ಮ ವೇದಾವತಿ ಅಕ್ಕನಿಗೆ ಕೊಟ್ಟಿದ್ದಳು.

"ನಿಂಗೆ ಬೇರೆ ಮಾಡಿಸುವ ಮಾರಾಯ್ತಿ. ಅವಳಿಗೆ ಇವತ್ತೊಂದೇ ದಿನ ಅಲ್ವಾ?"

ಉಸಿರೇ ಇಲ್ಲದವಳನ್ನು ಗಂಡು ಒಂದೇ ಸಲಕ್ಕೆ ಒಪ್ಪಿದ್ದ. ಬಣ್ಣ ಕೇಳಲಿಲ್ಲ, ಸಂಬಳ ಕೇಳಲಿಲ್ಲ.

ಧಾರೆ ಎರೆದು, ಕರಿಮಣಿಯನ್ನು ಸೀರೆಯ ಮೇಲಿಟ್ಟು, ಎಲ್ಲರೂ ಕೆಳಗೆ ಸೊಸೈಟಿ ಹಾಲಿಗೆ ಊಟಕ್ಕಿಳಿದರು. ದೀಪ ನೋಡಿಕೊಳ್ಳಲು ಉಳಿದ ಪ್ರಫುಲ್ಲಾ ತನ್ನ ಹಸಿರು ಚೂಡಿದಾರ್ ಕಳಚಿ ಅಕ್ಕನ ಕುರ್ಚಿಯ ಮೇಲೆ ಎಸೆದಳು. ಸೀರೆ ಉಟ್ಟು, ಕರಿಮಣಿ ಕಟ್ಟಿಕೊಂಡು ಕಪಾಟಿನ ಕನ್ನಡಿಯೆದುರು ನಿಂತಳು. ಚೆನ್ನಾಗಿಯೇ ಕಂಡಳು.

ಕನ್ನಡಿಯಲ್ಲಿ ಅವಳ ಬೆನ್ನಹಿಂದೆ ಗೋಡೆ ಇರಲಿಲ್ಲ. ಕುರ್ಚಿಗಳಿದ್ದವು. ಸಾಲುಸಾಲಾಗಿ, ಹೊರಗಿನ ಸಮುದ್ರದ ಖಾಡಿಯ ನೀರನ್ನೂ ದಾಟಿ, ಆಕಾಶ ಮುಗಿದರೂ ಮುಗಿಯದೆ. ಒಂದೊಂದರ ಮೇಲೂ ಮಡಿಸಿದ ಉಡುಗೆ. ದೂರದವು ಮನುಷ್ಯರ ಮೈಗೆ ಹೊಲಿದವೇ ಅಲ್ಲ. ಮನುಷ್ಯರು ಹುಟ್ಟುವ ಮೊದಲಿನಿಂದ ಅವು ಕಾಯುತ್ತಿದ್ದವು. ತೀರ ಮುಂದೆ, ಸೀರೆ ತೆಗೆದ ಕುರ್ಚಿಯ ಪಕ್ಕ, ಬರಿಮೈಯ ಹೆಂಗಸೊಬ್ಬಳು ನಿಂತಿದ್ದಳು. ಪ್ರಫುಲ್ಲಾಳದೇ ಮುಖ. ಸೀರೆಯನ್ನೇ ನೋಡುತ್ತಿದ್ದ ಆ ಕಣ್ಣುಗಳ ಉರಿ ಪ್ರಫುಲ್ಲಾಳಿಗೆ ಚೆನ್ನಾಗಿ ಗೊತ್ತಿತ್ತು.

ಭಯವಾಯಿತು. ಕೈ ಕರಿಮಣಿಯ ಗಂಟಿಗೆ ಹೋಯಿತು. ಆದರೆ ತನ್ನನ್ನು ನೋಡಿ ಒಬ್ಬರು ಹೊಟ್ಟೆಕಿಚ್ಚು ಪಡುವುದು ಇದೇ ಮೊದಲು. ಇನ್ನೊಂದು ಗಳಿಗೆ ಇರಲಿ ಎಂದುಕೊಂಡಳು. ಹಿಂದಿನಿಂದ ಒಂದು ಕೈ ಹಸಿರು ಚೂಡಿದಾರಿನತ್ತ ಚಾಚಿತು.

ಪ್ರಫುಲ್ಲಾ ಓಡಿ ಕೆಳಗಿಳಿದಳು. ಹಾಲಿನಲ್ಲಿ ಯಾರೂ ತಿರುಗಿ ನೋಡಲಿಲ್ಲ. ಅಮ್ಮನನ್ನು ಎರಡು ಸಲ ಕರೆದಳು. ಮದುಮಕ್ಕಳಿಗೆಂದು ಹಾಕಿದ ಎರಡು ಎಲೆಗಳ ಮುಂದೆ ಬಗ್ಗಿದ ವಾರಿಜಾ, ಕಾಣದ ಸೊಸೆಗೆಂಬಂತೆ, "ಉಣ್ಣು ಮಗಳೇ," ಎಂದು ಪಾಯಸ ಬಡಿಸಿದಳು.

"ಪ್ರಫುಲ್ಲಾ ಇನ್ನೂ ಇಳಿಲಿಲ್ವಾ?" ಎಂದು ವೇದಾವತಿ ಮೆಟ್ಟಿಲ ಕಡೆ ನೋಡಿದಳು.

"ಬಂದೆ, ಅಮ್ಮ."

ಹಸಿರು ಚೂಡಿದಾರ್ ತೊಟ್ಟವಳು ಬಂದು ಅಮ್ಮನ ಮಗ್ಗುಲಲ್ಲಿ ಕುಳಿತಳು. ಅನ್ನ ಬಡಿಸಿಕೊಂಡಳು, ಸಾರು ಬಡಿಸಿಕೊಂಡಳು, ಪಾಯಸವನ್ನು ಎರಡನೇ ಸಲ ಕೇಳಿದಳು. ಇವತ್ತಾದರೂ ಹೊಟ್ಟೆತುಂಬ ಉಣ್ಣುತ್ತಿದ್ದಾಳಲ್ಲ ಎಂದು ವೇದಾವತಿ ಅವಳ ತಲೆ ಸವರಿದಳು.