ಹಿಮ ತಿನ್ನುವವರು

ಮತ್ತೆ ಅದೇ ಕಾಫಿಯ ವಾಸನೆ, ಅಂದರೆ ತಾರ್ಮೋ ಹಿಂದೆ ಬಂದು ನಿಂತಿದ್ದಾನೆ, ಮೈನಸ್ ಹದಿನಾಲ್ಕರ ಚಳಿಯಲ್ಲೂ ತರಬೇತುದಾರರ ಹೊಟ್ಟೆ ಬೆಚ್ಚಗೇ ಇರುತ್ತದೆ, ಏನಮ್ಮಾ ಸೈಮಿ, ಇವತ್ತು ಸ್ಕೀ ನಿನ್ನ ಎಳೆಯುತ್ತೋ, ನೀನು ಅದನ್ನ ಎಳ್ಕೊಂಡು ಹೋಗ್ತೀಯೋ, ಅವನು ನಕ್ಕಾಗ ನಾವೂ ನಗಬೇಕೆಂಬುದು ತಂಡದ ನಿಯಮ, ಈ ಸಲ ನಗಲಿಲ್ಲ, ತುಟಿ ಎಳೆಯಲೂ ಕಸುವು ಬೇಕು. ಆಯ್ಕೆಯ ಓಟದ ಸಾಲಿನಲ್ಲಿ ನನ್ನ ಮುಂದೆ ಆರು ಜನ, ಅರ್ಧ ನಿಮಿಷಕ್ಕೊಬ್ಬಳು ಹೊರಡಬೇಕು, ಹತ್ತು ಕಿಲೋಮೀಟರ್, ಮೊದಲ ನಾಲ್ವರಿಗೆ ರಿಲೇ ತಂಡದಲ್ಲಿ ಜಾಗ, ಉಳಿದವರು ಮನೆಗೆ — ಇಪ್ಪತ್ತೇಳರ ವಯಸ್ಸಿನಲ್ಲಿ ಮನೆಗೆ ಹೋದವಳನ್ನು ಯಾರೂ ಮತ್ತೆ ಕರೆಯುವುದಿಲ್ಲ. ಏಳು. ನಿನ್ನೆ ಊರಿನ ನರ್ಸ್ ಐರಾ ಫೋನಿನಲ್ಲಿ ಹೇಳಿದ್ದು, ಹುಡುಗೀ, ನಿನ್ನ ಮೈಯಲ್ಲಿ ಕಬ್ಬಿಣದ ದಾಸ್ತಾನು ಏಳಕ್ಕಿಳಿದಿದೆ, ಇಲ್ಲಿನ ಮುದುಕೀರಿಗೇ ನಲವತ್ತಿರುತ್ತೆ, ಮೆಟ್ಟಿಲು ಹತ್ತೋದೇ ಹೆಚ್ಚು, ಸ್ಕೀ ಬೇರೆ ಕೇಡು ನಿಂಗೆ. ಬೆಳಿಗ್ಗೆ ತಿಂಡಿಯ ಮೇಜಿನಲ್ಲಿ ತಾರ್ಮೋಗೆ ಹೇಳಿದೆ, ರೈ ಬ್ರೆಡ್ಡಿಗೆ ಬೆಣ್ಣೆ ಬಳಿಯುತ್ತಲೇ ಕೇಳಿಸಿಕೊಂಡ, ತಂಡದ ಡಾಕ್ಟ್ರು ಹಿಮೋಗ್ಲೋಬಿನ್ ನೋಡಿದಾರಲ್ಲ, ಲೀಟರಿಗೆ ನೂರಿಪ್ಪತ್ತೆರಡು ಗ್ರಾಂ, ಸರಿಯಾಗೇ ಇದೆ, ಜಾರೋಕೆ ಬಾರದೋಳು ಸ್ಕೀಗೆ ಹಚ್ಚಿದ ಮೇಣ ಸರಿಯಿಲ್ಲ ಅಂದ್ಲಂತೆ — ಪಕ್ಕದ ಗಂಡಸರ ಮೇಜು ಗೊಳ್ಳೆಂದಿತು. ಸರಿಯಾಗಿದೆಯಂತೆ! ಒಲೆಯ ಮೇಲೆ ಪಾತ್ರೆ ಕುದಿಯುತ್ತಿದೆ, ಆದ್ದರಿಂದ ಕಣಜ ತುಂಬಿದೆ ಎನ್ನುವ ಬುದ್ಧಿವಂತರು. ಇವರೇ ಬೇಸಿಗೆಯಲ್ಲಿ ನಮ್ಮನ್ನು ಮೂರು ವಾರ ಎತ್ತರದ ಬೆಟ್ಟದ ಮೇಲಿನಂಥ ತೆಳುಗಾಳಿಯ ಕೋಣೆಯಲ್ಲಿ ಮಲಗಿಸಿದರು, ರಕ್ತ ಹೆಚ್ಚುತ್ತದೆಂದು, ಯಾವುದರಿಂದ ಹೆಚ್ಚಬೇಕು, ಹಿಟ್ಟಿಲ್ಲದ ಮನೆಯಲ್ಲಿ ರೊಟ್ಟಿ ತಟ್ಟು ಎಂದ ಹಾಗೆ, ಗಂಡಸರ ರಕ್ತ ಹೆಚ್ಚಿತು, ನಮ್ಮದು ಹೆಚ್ಚಲಿಲ್ಲ, ನಮ್ಮ ಹೆಸರಿನ ಮುಂದೆ ಬರೆದರು, ಮನೋಬಲ ಕಡಿಮೆ. ಸಿಸು ಬೇಕಂತೆ, ಹಟ, ಫಿನ್ನಿಶ್ ಗಂಡಸರಿಗೆ ಅರ್ಥವಾಗದ್ದಕ್ಕೆಲ್ಲ ಅದೊಂದೇ ಔಷಧ, ಹಟದಿಂದ ಕಬ್ಬಿಣ ಹುಟ್ಟುವುದಾದರೆ ನನ್ನಜ್ಜಿ ರೈಲು ಹಡೆಯಬೇಕಿತ್ತು. ಶಾಲೆಯಲ್ಲಾದರೂ ಕಬ್ಬಿಣಕ್ಕೆಂದು ಪ್ರಾಣಿಯ ರಕ್ತ ಬೆರೆಸಿದ ದೋಸೆ ಹಾಕುತ್ತಿದ್ದರು, ಕೆಂಪು ಹಣ್ಣಿನ ಜಾಮಿನ ಜೊತೆ, ಇಲ್ಲಿ ತೂಕ ಏರುತ್ತದೆಂದು ತಾರ್ಮೋ ಅದನ್ನೂ ತಟ್ಟೆಯಿಂದ ಎತ್ತಿದ, ತಿಂಗಳ ಮುಟ್ಟಿನ ಮಾತೆತ್ತಿದರೆ ಮೇಣದ ಡಬ್ಬಿ ಜೋಡಿಸಲು ಶುರುಮಾಡುತ್ತಾನೆ, ಸ್ಕೀಯ ತಳ ಯಾವ ಹಿಮಕ್ಕೆ ಎಷ್ಟು ಅಂಟುತ್ತದೆಂದು ಹತ್ತು ಸಲ ಅಳೆಯುವವನು, ಅದರ ಮೇಲೆ ನಿಂತ ಮೈಯನ್ನು ಒಮ್ಮೆಯೂ —

ಕಟ್. ಹಿಂದೆ ಹಿಲ್ಲೆವಿ, ಹತ್ತೊಂಬತ್ತರ ಹುಡುಗಿ, ನನ್ನ ನಂತರ ಹೊರಡುವವಳು, ಗುಡಿಸಲಿನ ಸೂರಿನಿಂದ ಮುರಿದ ಮಂಜುಗಡ್ಡೆಯ ಕೋಲನ್ನು ಅಗಿಯುತ್ತಿದ್ದಾಳೆ, ಕಟ್ ಕಟ್, ನಾನೂ ಅಗಿದೆ, ಎರಡು ಚಳಿಗಾಲ, ದಾರಿಬದಿಯ ಹಿಮ, ಕಿಟಕಿಯ ಮಂಜುಗಡ್ಡೆ, ಹಿಮಕರಡಿ ಅಂತ ಹೆಸರಿಟ್ಟರು, ನಕ್ಕೆ, ಹಿಮದ ನಾಡಿನಲ್ಲಿ ಹಿಮ ತಿನ್ನುವವಳನ್ನು ಯಾರು ಅನುಮಾನಿಸುತ್ತಾರೆ, ಐರಾ ಒಬ್ಬಳೇ ಕೇಳಿದ್ದು, ಐಸ್ ಅಗಿಬೇಕು ಅನ್ಸುತ್ತಾ ಮಗೂ, ಕಬ್ಬಿಣ ಬತ್ತಿದ ಮೈ ಹಂಗೇ ಬೇಡೋದು. ಹಿಲ್ಲೆವಿಗೆ ಮರಿಕರಡಿ ಎಂದು ಹೆಸರಿಟ್ಟವಳು ನಾನೇ, ಥೂ, ತಾರ್ಮೋನ ನಗೆ ನನ್ನ ಬಾಯಲ್ಲೂ ಇತ್ತು. ಬೀಪ್, ನನ್ನ ಸರದಿ, ಮೂರು, ಹೇಗೋ ಎಳೆದೇನು, ಹತ್ತು ಕಿಲೋಮೀಟರ್, ಎರಡು, ಎಳೆದರೆ ನಾಳೆ ಇವಳಿಗೆ ಹೇಳುತ್ತಾನೆ, ನೋಡು ನಮ್ಮ ಸೈಮಿನ, ಏಳಿಟ್ಕೊಂಡೂ ಓಡಿದ್ಲು — ನಾನೇ ಅವನ ಸಾಕ್ಷಿ, ಇವಳ ಬೆನ್ನಿಗೆ ಬೀಸುವ ಚಾಟಿ, ಒಂದು, ಕಾಲು ಮುಂದಕ್ಕೆ ಹೋಗಲಿಲ್ಲ, ಪಕ್ಕಕ್ಕೆ ಹೋಯಿತು, ಜಾಡಿನಿಂದ ಹೊರಗೆ, ಕೈಯ ಸ್ಕೀ ಕೋಲನ್ನು ಹಿಲ್ಲೆವಿಯ ದಾರಿಗೆ ಅಡ್ಡ ಹಿಡಿದೆ. ತಾರ್ಮೋ ಕೂಗಿದ, ಏಯ್ ಸೈಮಿ, ಹುಚ್ಚು ಹಿಡೀತೇನೇ, ಗಡಿಯಾರ ಓಡ್ತಿದೆ! ಓಡಲಿ, ಓಡುವುದಕ್ಕೆ ಅದಕ್ಕೆ ರಕ್ತ ಬೇಡ. ನಂದು ಏಳು ಕಣೇ ಹಿಲ್ಲೆವಿ, ನಿಂದೆಷ್ಟು. ಏನೆಷ್ಟು. ಕಬ್ಬಿಣ. ನಂದ್ಯಾರೂ ನೋಡಿಲ್ಲಕ್ಕಾ, ಎಲ್ಲ ಸರಿಯಿದೆ ಅಂದ್ರು, ದಾರಿ ಬಿಡಕ್ಕಾ, ನನ್ನ ಜಾಗ ಹೋಗುತ್ತೆ — ಬೀಪ್, ಇವಳ ಸರದಿ, ನನ್ನ ಜಾಗ ಹೋಯಿತು, ಹೋಗಲಿ, ಈಗ ಇವಳದೂ ಹೋಗುತ್ತಿದೆ, ದ್ವೇಷಿಸುತ್ತಾಳೆ, ದ್ವೇಷಿಸಲಿ, ಕೋಲು ತೆಗೆಯುವುದಿಲ್ಲ, ಬೈಯಲು ಬಾಯಿ ತೆರೆದಿದ್ದಾಳೆ, ರಕ್ತವಿಲ್ಲದ ಒಸಡು ಕಾಗದದಷ್ಟು ಬಿಳಿ, ಹಲ್ಲಿನ ನಡುವೆ ಮಂಜುಗಡ್ಡೆಯ ಚೂರು, ಅಳುತ್ತಲೂ ಅಗಿಯುತ್ತಿದ್ದಾಳೆ, ಬಿಳಿ ಒಸಡು, ಮಂಜುಗಡ್ಡೆ, ಕಟ್, ಬಿಳಿ ಒಸಡು, ಕಟ್ —