ಕುಂಕುಮ ಅಳಿಸಿದ ಇಕ್ಕಳ

ದಸರೆ ಮುಗಿದ ಐದನೆಯ ದಿನ ಬೆಳಿಗ್ಗೆ ಬಸವಪ್ರಭುವಿನ ಬಿಳಿ ಗಾಡಿಯನ್ನು ಟೆಂಪೋಗೆ ಹಗ್ಗ ಕಟ್ಟಿ ಮರಾಠಿ ಸೀಮೆಯ ಕಾತ್ರಜದ ಓಣಿಗೆ ಎಳೆದು ತಂದರು. ಹೊಳಬಸಪ್ಪ ಅಂಗಡಿಯ ಮುಂದೆ ನೀರು ಚಿಮುಕಿಸಿ, ಸ್ಟೂಲಿನ ಮೇಲೆ ಕೂತು, ಚಹಾವನ್ನು ಬಸಿಗೆ ಸುರಿದುಕೊಳ್ಳುತ್ತಿದ್ದ. ಗಾಡಿ ನಿಲ್ಲುವ ಮೊದಲೇ ವಾಸನೆ ಮೂಗಿಗೆ ಬಡಿಯಿತು. ಸುಟ್ಟ ವೈರಿನ ವಾಸನೆ. ನಲವತ್ತೊಂದು ವರ್ಷ ಗಾಡಿಗಳ ವೈರಿಂಗ್ ಮಾಡಿದವನಿಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ಬಸವಪ್ರಭು ಜಮಖಂಡಿ ಕಡೆಯವನು, ಧನಕವಡಿಯಲ್ಲಿ ಸ್ಟೀಲ್ ಪಾತ್ರೆಯ ವ್ಯಾಪಾರ. ಟೆಂಪೋದಿಂದ ಧುಮುಕಿದವನೇ ಶುರುಮಾಡಿದ.

"ಏನ್ರಿ ಕಾಕಾ, ನನ್ನ ಹೆಂಡತಿ ಕೂಸಿನ್ನ ಸುಡಾಕಂತ ಹಾಕಿದ್ರೇನು ಈ ಲೈಟು?"

"ಏನಾತು ಹೇಳ್ರಿ ಸಾವ್ಕಾರ್ರ."

"ಏನಾಗಬೇಕು? ನಿನ್ನೆ ಸಾತಾರಾದಿಂದ ಬರಾಕ್ಹತ್ತಿದ್ವಿ. ಬೋಗದಾದಾಗ ಹೊಕ್ಕು ಲೈಟ್ ಹಾಕೀನಿ, ಬಾನೆಟ್ಟಿನ್ಯಾಗಿಂದ ಹೊಗಿ! ಎಲ್ಲಾ ದೀಪ ಒಮ್ಮಿಗೇ ಬಂದ್! ಹಿಂದ ಸಿಮೆಂಟಿನ ಟ್ರಕ್ಕು. ಕುಸುಮ ಕೂಸಿನ್ನ ಅವಚಿಕೊಂಡು ಆ ಸುರಂಗದ ಗ್ವಾಡಿ ಹಿಡಕೊಂಡು ಓಡ್ಯಾಳ್ರಿ, ಬರಿಗಾಲಲೆ!" ಅವನು ಟೆಂಪೋದ ಬಾಗಿಲನ್ನು ಧಡ್ಡನೆ ಮುಚ್ಚಿದ. "ನಮ್ಮ ಕಡೆಯವರು, ನಂಬಿಗಸ್ತರು ಅಂತ ಬಂದೆ. ಇನ್ನ ನಮ್ಮ ಮಂದಿ ಒಬ್ಬರೂ ಈ ಅಂಗಡಿ ಕಡೆ ಹಾಯಂಗಿಲ್ಲ. ನಾ ಮನಿಮನಿಗೆ ಹೇಳತೀನಿ."

ಹೊಳಬಸಪ್ಪ ಬಸಿಯನ್ನು ಕೆಳಗಿಟ್ಟ. ಅವನ ತಲೆಯ ಮೇಲೆ ಬೋರ್ಡಿತ್ತು. ಎರಡನೇ ಇಯತ್ತೆಗೇ ಶಾಲೆ ಬಿಟ್ಟವನಿಗೆ ಅದರ ಮರಾಠಿ ಅಕ್ಷರಗಳು ಓದಲು ಬರುತ್ತಿರಲಿಲ್ಲ. ಆದರೆ ಅದರಲ್ಲಿ ತನ್ನ ಹೆಸರು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆಂದು ಗೊತ್ತಿತ್ತು. ಸಿಂದಗಿಯಿಂದ ಬರಿಗೈಯಲ್ಲಿ ಬಂದವನು ಈ ಊರಲ್ಲಿ ಗಳಿಸಿದ್ದು ಅದೊಂದೇ.

ಒಳಗಿನಿಂದ ಅಳಿಯ ಧರ್ಮರಾಜ ಬಂದ. ಮಗಳು ರಂಜನಾಳನ್ನು ಮದುವೆಯಾದ ಮೇಲೆ ಆರು ವರ್ಷದಿಂದ ಅಂಗಡಿ ನೋಡಿಕೊಳ್ಳುತ್ತಿದ್ದವನು ಅವನೇ.

"ಸಮಾಧಾನ ಮಾಡ್ಕೋರಿ ಅಣ್ಣಾರ. ಮಾವಾರಿಗೆ ವಯಸ್ಸಾತು. ಕೈ ನಡಗತಾವ, ಕಣ್ಣೂ ಮಂದ. ಮನ್ಯಾಗ ಕುಂದರ್ರಿ ಅಂದ್ರ ಕೇಳಂಗಿಲ್ಲ. ಎಲ್ಲರೆ ವೈರ್ ಸಡ್ಲ ಬಿಟ್ಟಿರಬೇಕು."

ಹೊಳಬಸಪ್ಪ ತನ್ನ ಕೈ ನೋಡಿಕೊಂಡ. ನಡುಗುತ್ತಿರಲಿಲ್ಲ. ಎದ್ದು ಹೋಗಿ ಬಾನೆಟ್ ಎತ್ತಿದ.

ಈ ಗಾಡಿ ಅವನಿಗೆ ಚೆನ್ನಾಗಿ ನೆನಪಿತ್ತು. ಬರೆದಿಡಲು ಬಾರದವನು ಎಲ್ಲವನ್ನೂ ತಲೆಯಲ್ಲೇ ಇಟ್ಟುಕೊಳ್ಳುತ್ತಿದ್ದ. ದಸರೆಗೆ ಮುಂಚಿನ ಮಹಾನವಮಿ ಅಮಾವಾಸ್ಯೆಯ ಮರುದಿನ ಬಂದಿತ್ತು. ಬಂಪರಿನ ಎಡಗಡೆಯ ಬೋಲ್ಟಿನ ಹಲ್ಲು ಸವೆದಿತ್ತು, ಹೊಸದು ಹಾಕಿದ್ದ. ಮುಂದೆ ಎರಡು ಫೋಕಸ್ ಲೈಟು ಕೂಡಿಸಿ, ಬ್ಯಾಟರಿಯಿಂದ ಗೇಣು ದೂರದಲ್ಲೇ ಫ್ಯೂಜ್ ಇಟ್ಟು, ದೂರ ಬೀಳುವ ಅಪ್ಪರ್ ಬೆಳಕು ಹಾಕಿದರೆ ಹತ್ತುವಂತೆ, ಬೆಳಕು ತಗ್ಗಿಸುವ ಡಿಪ್ಪರ್ ಒತ್ತಿದರೆ ಆರುವಂತೆ ಜೋಡಿಸಿದ್ದ.

ಈಗ ಆ ವೈರು ಬೆಲ್ಲದ ಪಾಕದ ಹಾಗೆ ಕರಗಿ, ಪಕ್ಕದಲ್ಲಿದ್ದ ಹೆಡ್‌ಲೈಟಿನ ವೈರುಗಳನ್ನೂ ಹಿಡಿದು ಗಟ್ಟಿಯಾಗಿತ್ತು. ಬ್ಯಾಟರಿಯ ಹತ್ತಿರ ಫ್ಯೂಜ್ ಇರಲಿಲ್ಲ. ಎರಡು ತುದಿಗಳನ್ನು ಹೊಸೆದು, ದಪ್ಪಗೆ ಕಪ್ಪು ಟೇಪು ಸುತ್ತಿದ್ದರು.

ಹೊಳಬಸಪ್ಪ ಉಗುರಿನಿಂದ ಟೇಪಿನ ತುದಿ ಎಬ್ಬಿಸಿ ಮೆಲ್ಲಗೆ ಬಿಚ್ಚಿದ. ಒಳಗಿನ ಅಂಟಿಗೆ ಕುಂಕುಮ ಹತ್ತಿತ್ತು. ಅದರ ಜೊತೆಗೆ ಬೆಳ್ಳಗೆ ಒಂದಿಷ್ಟು ವಿಭೂತಿ.

ಅವನು ಅದನ್ನು ಬೆರಳ ಮೇಲೆ ಹಿಡಿದು ನಿಂತುಬಿಟ್ಟ.

ಖಂಡೆ ಪೂಜೆಯ ದಿನ ಇಕ್ಕಳ, ಪಾನಾ, ಸ್ಕ್ರೂಡ್ರೈವರ್ ಎಲ್ಲ ತೊಳೆದು, ಮಣೆಯ ಮೇಲೆ ಜೋಡಿಸಿ, ವಿಭೂತಿ ಬಳಿದು, ಕುಂಕುಮ ಇಡುವುದು ಅವನ ಪದ್ಧತಿ. ಮರುದಿನ ಬನ್ನಿ ಕೊಟ್ಟು ಕೈ ಮುಗಿಯುವ ತನಕ ಯಾರೂ ಮುಟ್ಟಕೂಡದು. ವರ್ಷವಿಡೀ ದುಡಿದ ಹತ್ಯಾರಿಗೆ ಒಂದು ದಿನದ ವಿಶ್ರಾಂತಿ. ಈ ಸಲವೂ ಹಾಗೇ ಇಟ್ಟು, ಮಧ್ಯಾಹ್ನ ಹೋಳಿಗೆ ಊಟಕ್ಕೆ ಮನೆಗೆ ಹೋದವನು ತಿರುಗಿ ಬಂದಿರಲಿಲ್ಲ.

ಬನ್ನಿಯ ದಿನ ದೊಡ್ಡ ಇಕ್ಕಳದ ಕುಂಕುಮ ಅಳಿಸಿತ್ತು. ಅವನು ನೋಡಿದ್ದ. ನೋಡಿಯೂ ಸುಮ್ಮನಿದ್ದ. ಹಬ್ಬದ ದಿನ ಅಳಿಯನನ್ನು ಏನು ಕೇಳುವುದು, ರಂಜನಾಳ ಮುಖ ಯಾಕೆ ಬಾಡಿಸುವುದು ಎಂದುಕೊಂಡಿದ್ದ.

"ಸಾವ್ಕಾರ್ರ, ಖಂಡೆ ಪೂಜಿ ದಿನ ಗಾಡಿ ಇಲ್ಲಿಗೆ ಬಂದಿತ್ತೇನ್ರಿ?"

"ಹೂಂ ಮತ್ತ. ಫ್ಯೂಜ್ ಎರಡ ಸಲ ಹೋತಂತ ಬಿಟ್ಟು ಹೋಗಿದ್ದೆ. ಸಂಜಿಗೆ ನಿಮ್ಮ ಅಳಿಯ, ಮಾವಾರೇ ಕುಂತು ಮಾಡ್ಯಾರ ಅಂತ ಚಾವಿ ಕೊಟ್ರು."

ಹೊಳಬಸಪ್ಪ ಮುಂದೆ ಬಂದು ಲೈಟಿನ ಹಿಂಬದಿ ಬಿಚ್ಚಿ ಬಲ್ಬ್ ಹೊರಗೆಳೆದ. "ನಾ ಹಾಕಿದ್ದು ಇದಲ್ಲ. ಇದು ಅದರ ಎರಡರಷ್ಟು ಕರೆಂಟ್ ಎಳೀತದ."

ಬಸವಪ್ರಭುವಿನ ದನಿ ಇಳಿಯಿತು. "ಬೆಳಕು ಕಮ್ಮಿ ಅನಿಸ್ತು... ಮೊಬೈಲಿನ್ಯಾಗ ನೋಡಿ ತರಿಸಿ ನಾನ ಹಾಕಿದೆ."

ಹೊಳಬಸಪ್ಪ ಆ ಟೇಪಿನ ತುಂಡನ್ನು ಅಳಿಯನ ಮುಖದ ಹತ್ತಿರ ಹಿಡಿದ. "ಇದೇನ್ರಿ ಅಳಿಯಾರ?"

ಧರ್ಮರಾಜ ನೋಡಿದ. "ಗಿರಾಕಿ ಅರ್ಜಂಟ್ ಅಂದ್ರು, ಮಾವಾರ. ಹಬ್ಬದ ಗಡಿಬಿಡಿ..."

"ಫ್ಯೂಜ್ ಎಲ್ಲಿ?"

"ತಗದೆ. ಮತ್ತ ಮತ್ತ ಹೋಗಾಕ್ಹತ್ತಿತ್ತು."

"ಅದು ಹೋಗಾಕನ ಇರೋದು!"

ಓಣಿಯ ಮಂದಿ ಹೊಳಬಸಪ್ಪ ಕೂಗಿದ್ದನ್ನು ಎಂದೂ ಕೇಳಿರಲಿಲ್ಲ. ಎದುರಿನ ಚಹಾದವನು ಕಿಟ್ಲಿ ಕೈಯಲ್ಲೇ ಹಿಡಿದು ಹೊರಗೆ ಬಂದ.

"ತಾನು ಸುಟ್ಟು ಗಾಡಿ ಉಳಸಾಕ ಇಟ್ಟದ್ದನ್ನ ಕಿತ್ತು ಒಗದ್ರಿ. ಒಳಗ ಕೂಸಿನ್ನ ಕೂಡಿಸಿಕೊಂಡು ಹೋಗೋ ಗಾಡ್ಯಾಗ! ಪೂಜಿಗಿಟ್ಟ ಇಕ್ಕಳ ಎತ್ತಿದ್ರಿ, ಹೋಗ್ಲಿ, ದೇವರು ನೋಡಿಕೋತಾನ. ಆದ್ರ ಮಾಡಿದ್ದು ನೀವು, ಹೇಳಿದ್ದು ನನ್ನ ಹೆಸರು. ಈಗ ಇಲ್ಲೆ ನಿಂತು, ನನ್ನ ಎದರಿಗೇ, ನನ್ನ ಕೈ ನಡಗತಾವ ಅಂತೀರಿ!"

"ಹೋಗ್ಲಿ ಬಿಡ್ರಿ ಕಾಕಾ," ಎಂದ ಬಸವಪ್ರಭು. "ಮನಿ ಅಳಿಯ. ಮಂದಿ ನಿಂತು ನೋಡಾಕ್ಹತ್ಯಾರ."

ಹೊಳಬಸಪ್ಪ ಅವನ ಕಡೆ ತಿರುಗಿದ. "ನೀವೂ ಸುಮ್ಮನಿರ್ರಿ. ನಿಮಗ ಹಾದಿ ಕಾಣಬೇಕಿತ್ತೋ, ಎದರಿಗೆ ಬರಾಂವನ ಕಣ್ಣು ಕೀಳಬೇಕಿತ್ತೋ? ಅವನ ಗಾಡ್ಯಾಗೂ ಯಾರದರೆ ಹೆಂಡತಿ ಇರತಾಳ, ಕೂಸು ಇರತದ."

ಬಸವಪ್ರಭು ಹೋಗಿ ಟೆಂಪೋದ ಹಗ್ಗ ಬಿಚ್ಚಿದ.

ಮೂರು ತಾಸು ಹೊಳಬಸಪ್ಪ ಒಬ್ಬನೇ ಕೆಲಸ ಮಾಡಿದ. ಧರ್ಮರಾಜ ಎರಡು ಸಲ ಕೈಹಚ್ಚಲು ಬಂದ. ಎರಡೂ ಸಲ ಮುದುಕ ಅವನ ಕೈಗೆ ಏನೂ ಕೊಡಲಿಲ್ಲ. ಕರಗಿದ್ದನ್ನೆಲ್ಲ ಕತ್ತರಿಸಿ ತೆಗೆದು, ಹೆಡ್‌ಲೈಟಿಗೆ ಹೊಸ ವೈರು ಎಳೆದು, ಫೋಕಸ್ ಲೈಟಿನ ವೈರನ್ನು ಅದರಿಂದ ದೂರ ಒಯ್ದು, ಮೊದಲಿದ್ದ ಜಾಗದಲ್ಲೇ ಫ್ಯೂಜ್ ಕೂಡಿಸಿದ. ಹಳೆಯ ಅಳತೆಯ ಬಲ್ಬನ್ನೇ ಹಾಕಿದ. ಅಪ್ಪರ್ ಹಾಕಿದ: ಎದುರಿನ ಗೋಡೆಯ ಮೇಲೆ ನಾಲ್ಕು ಬೆಳಕು ಬಿದ್ದವು. ಡಿಪ್ಪರ್ ಒತ್ತಿದ: ಎರಡು ಆರಿದವು. ದೊಡ್ಡ ಬಲ್ಬುಗಳನ್ನು ತಿರುಗಿ ಕೊಡಲಿಲ್ಲ, ನೆಲಕ್ಕೆ ಕುಕ್ಕಿ ಒಡೆದ.

"ತಪ್ಪು ನಿಮ್ಮದಲ್ಲ ಅಂತ ನಾನ ಎಲ್ಲಾರಿಗೂ ಹೇಳತೀನಿ ಕಾಕಾ," ಎಂದ ಬಸವಪ್ರಭು.

"ಅದನ್ನೂ ಹೇಳಬ್ಯಾಡ್ರಿ. ಕುಂಕುಮ ಅಳಿಸಿದ್ದು ಬನ್ನಿ ದಿನಾನ ನೋಡಿದ್ದೆ. ಅವತ್ತ ಕೇಳಿದ್ರ ನಿಮ್ಮ ಮನಿಯವರು ಬೋಗದಾದಾಗ ಓಡತಿರಲಿಲ್ಲ. ಕೇಳಲಿಲ್ಲ ನಾ."

ಗಾಡಿ ಹೋದ ಮೇಲೆ ಅವನು ಸ್ಟೂಲನ್ನು ಬಾಗಿಲಿಗೆ ಎಳೆದು ಮೇಲೆ ಹತ್ತಿದ. ಅದೇ ಇಕ್ಕಳದಿಂದ ಬೋರ್ಡಿನ ತಂತಿ ಕತ್ತರಿಸತೊಡಗಿದ.

"ಮಾವಾರ, ಇದೇನ ಮಾಡಾಕ್ಹತ್ತೀರಿ? ಮಂದಿ ಏನಂದಾರು?" ಧರ್ಮರಾಜ ಓಡಿ ಬಂದು ಸ್ಟೂಲು ಹಿಡಿದ.

"ಅಂಗಡಿ ನಿಮಗ ಇರಲಿ. ಮಗಳ ಹೊಟ್ಟಿಮ್ಯಾಲ ನಾ ಹೊಡಿಯಂಗಿಲ್ಲ. ಇಲ್ಲಿ ನಿಮ್ಮ ಹೆಸರು ಬರಸ್ರಿ. ನಾಳೆ ಹೊಗಿ ಬಂದ್ರ ಯಾರನ್ನ ಕೇಳಬೇಕು ಅಂಬೋದು ಮಂದಿಗೆ ಗೊತ್ತಿರಲಿ."

ಹತ್ಯಾರನ್ನು ಗೋಣಿತಟ್ಟಿನಲ್ಲಿ ಸುತ್ತಿ, ಬೋರ್ಡನ್ನು ಕಂಕುಳಲ್ಲಿ ಹಿಡಿದು, ಹೊಳಬಸಪ್ಪ ಬಿಸಿಲಲ್ಲೇ ಮನೆಗೆ ನಡೆದ. ಎರಡು ಕಿಲೋಮೀಟರು ನಡೆದರೂ ಸಿಟ್ಟು ಇಳಿಯಲಿಲ್ಲ. ಬಾಗಿಲು ತೆಗೆದ ರಂಜನಾ ಬೋರ್ಡನ್ನು ನೋಡಿದಳು, ಅಪ್ಪನ ಮುಖವನ್ನು ನೋಡಿದಳು.

"ಅಪ್ಪಾ, ಯಾಕ? ಏನಾತು?"

"ನಿನ್ನ ಗಂಡ ಬಂದು ಹೇಳ್ತಾನ. ಅವನ ಬಾಯಿಂದನ ಕೇಳು," ಎಂದ ಹೊಳಬಸಪ್ಪ. ಬೋರ್ಡನ್ನು ಗೋಡೆಗೆ ಆನಿಸಿಟ್ಟು, ಗೋಣಿತಟ್ಟು ಬಿಚ್ಚಿ ಇಕ್ಕಳವನ್ನು ಹೊರಗೆ ತೆಗೆದ. ಬಚ್ಚಲಿಗೆ ಹೋಗಿ ಅದನ್ನು ಬೂದಿ ಹಚ್ಚಿ ತಿಕ್ಕತೊಡಗಿದ.

"ಊಟಕ್ಕ ಹಾಕಲೇನಪಾ?" ಒಳಗಿನಿಂದ ಮಗಳು ಕೇಳಿದಳು.

"ಈಗ ಬ್ಯಾಡ," ಎಂದು ಮತ್ತೂ ಜೋರಾಗಿ ತಿಕ್ಕಿದ.